ಕನಕಮ್ಮನ ಒಲೆಯೊಳಗಿನ ಕೋಳಿ

ತೆಲಿಗಿಯ ಕನಕಮ್ಮನಿಗೆ ಐವತ್ತೆಂಟು ವರ್ಷ. ಗಂಡ ರಾಮಣ್ಣ ಪಂಚಾಯಿತಿಯ ನೀರುಗಂಟಿ. ಅವನನ್ನೂ ಸೇರಿಸಿ ಊರಿನವರಿಗೆಲ್ಲ ಮುಖಕ್ಕೆ ಹೊಡೆದಂತೆ ಮಾತಾಡುವ ಈಕೆ ತನ್ನ ಮನೆಯಲ್ಲಿ ಉಂಡ ಹೊರಗಿನವರಿಗೆ ಮಾತ್ರ ಕೊಂಕು ನುಡಿದವಳಲ್ಲ. ಉಂಡವರ ಎದುರು ಅವರು ಕೊಟ್ಟದ್ದನ್ನು ಹಳಿಯಬಾರದು ಎಂಬುದು ತಾಯಿ ಕಲಿಸಿದ ಕಟ್ಟಳೆ.

ಎರಡು ವರ್ಷದ ಹಿಂದೆ ಹರಪನಹಳ್ಳಿಯ ಒಂದು ಸೇವಾಸಂಸ್ಥೆ ಓಣಿಯ ಮನೆಮನೆಗೂ ಹೊಗೆಯಿಲ್ಲದ ಒಲೆ ಕಟ್ಟಿಸಿಕೊಟ್ಟಿತು. ಹಂಚಿಡುವ ಬಾಯಿ ಸಣ್ಣದು. ರೊಟ್ಟಿ ಹಂಚಿನ ನಡುವಷ್ಟೇ ಕಾಯುತ್ತಿತ್ತು, ರೊಟ್ಟಿಯ ಅಂಚು ಹಸಿಯಾಗಿಯೇ ಉಳಿಯುತ್ತಿತ್ತು. ವಾರದೊಳಗೆ ಕನಕಮ್ಮ ಹಿತ್ತಿಲ ಹಳೆಯ ಒಲೆಗೆ ಮರಳಿದಳು.

ಸಂಸ್ಥೆಯ ಮೈಲಾರೇಶ್ ಮೂರು ತಿಂಗಳಿಗೊಮ್ಮೆ ಜನರ ಅಭಿಪ್ರಾಯ ಕೇಳಲು ಬರುತ್ತಿದ್ದ, ಅದೂ ಸರಿಯಾಗಿ ಊಟದ ಹೊತ್ತಿಗೆ. ಹಿತ್ತಿಲ ಒಲೆಯ ಮೇಲೆ ಬೆಂದ ನಾಲ್ಕು ರೊಟ್ಟಿ, ಪುಂಡಿಪಲ್ಯ ಉಂಡು ಕೈ ತೊಳೆದು, ನಮ್ಮ ಒಲೆ ಹೇಗಿದೆ ಎನ್ನುತ್ತಿದ್ದ. ಚಲೋ ಐತಿ ಎನ್ನುತ್ತಿದ್ದಳು. ಓಣಿಯ ಇಪ್ಪತ್ತೆರಡು ಮನೆಗಳೂ ಹಾಗೆಯೇ ಅಂದವು. ಅಷ್ಟು ಮನೆಗಳಲ್ಲಿ ಉಣ್ಣಲು ಅವನಿಗೆ ಹನ್ನೊಂದು ದಿನ ಹಿಡಿಯುತ್ತಿತ್ತು. ವರದಿಯಲ್ಲಿ ಒಲೆ ನೂರಕ್ಕೆ ನೂರು ಗೆದ್ದಿತ್ತು.

ಈ ಬೇಸಿಗೆಯಲ್ಲಿ ಕನಕಮ್ಮ ಆ ಒಲೆಯೊಳಗೆ ಬೂದಿ ಹಾಸಿ ತನ್ನ ಜವಾರಿ ಕೋಳಿಯನ್ನು ಹನ್ನೊಂದು ಮೊಟ್ಟೆಯ ಮೇಲೆ ಕಾವಿಗೆ ಕೂರಿಸಿದಳು. ಹಿಂದಿನ ಸಲ ಮುಂಗುಸಿ ಒಂದನ್ನೂ ಉಳಿಸಿರಲಿಲ್ಲ. ಇನ್ನೆರಡು ದಿನಕ್ಕೆ ಮರಿ ಬರುತ್ತವೆ ಎನ್ನುವಾಗ ಸಂಸ್ಥೆಯಿಂದ ಹೊಸಬಳು ಪುಷ್ಪಲತಾ ಬಂದಳು. ಒಲೆ ಉರಿಯುವ ಫೋಟೊ ತೆಗೆಯಬೇಕಂತೆ.

ಕನಕಮ್ಮ ಊಟಕ್ಕೆ ಕರೆದಳು. ಉಂಡವರಿಗೆ ತೂಕಡಿಕೆ ಬರುತ್ತದೆ, ತೂಕಡಿಸುವವರು ಫೋಟೊ ಮರೆಯುತ್ತಾರೆ ಎಂಬುದು ಮೈಲಾರೇಶನನ್ನು ನೋಡಿ ತಿಳಿದದ್ದು. ಪುಷ್ಪಲತಾ ಒಲ್ಲೆನೆಂದಳು. ಮಂಡಕ್ಕಿ ಮೆಣಸಿನಕಾಯಿಯೂ ಬೇಡ, ಚಹವೂ ಬೇಡ. ಹೋದ ಮನೆಗಳಲ್ಲಿ ಏನೂ ತಿನ್ನಬಾರದೆಂದು ಹೊಸ ನಿಯಮ ಬಂದಿದೆಯಂತೆ. ಹಾಗೆನ್ನುತ್ತಲೇ ಬೆಂಕಿಪೊಟ್ಟಣ ಹಿಡಿದು ಒಲೆಯತ್ತ ಬಗ್ಗಿದಳು.

ಕನಕಮ್ಮ ಅಡ್ಡ ನಿಂತಳು. “ಖರೇನ ಏನೂ ತಿನ್ನಂಗಿಲ್ಲೇನವ್ವಾ?”

“ಇಲ್ರೀ ಅಮ್ಮಾ.”

“ಹಂಗಾರ ಕುಂದ್ರು, ಬರ್ಕೋ. ನಿಮ್ಮ ಒಲಿ ಯಾತಕ್ಕೂ ಬರಂಗಿಲ್ಲ. ರೊಟ್ಟಿ ಬೇಯಂಗಿಲ್ಲ, ಕೋಳಿ ಮಾತ್ರ ಬೆಚ್ಚಗ ಕುಂತೈತಿ.”

ಪುಷ್ಪಲತಾ ನಂಬದೆ ಒಳಗೆ ಕೈ ಹಾಕಿದಳು. ಕೋಳಿ ಕುಕ್ಕಿತು. ಆಮೇಲೆ ತೆಪ್ಪಗೆ ಕುಳಿತು ಬರೆದುಕೊಂಡಳು. ಎರಡು ವರ್ಷ ಬಾಯಿ ಕಟ್ಟಿಕೊಂಡಿದ್ದನ್ನು ಕನಕಮ್ಮ ಒಂದೇ ತಾಸಿನಲ್ಲಿ ತೀರಿಸಿದಳು. ಹಂಚು ತಂದು ಗೇಣು ಹಾಕಿ ಅಳತೆಯನ್ನೂ ಬರೆಸಿದಳು.

ಸದ್ದು ಕೇಳಿ ಪಕ್ಕದ ಮನೆಯ ಜಂಬಕ್ಕ ಇಣುಕಿದಳು. “ನಿಮ್ಮನ್ಯಾಗ ಉಂಡಾಳೇನ ಕನಕಕ್ಕಾ?”

“ಇಲ್ಲವಾ, ಹೇಳ್ಕೊ ಬಾ.”

ಸಂಜೆಯ ಹೊತ್ತಿಗೆ ಓಣಿಯೆಲ್ಲ ಸಾಲು ನಿಂತಿತ್ತು. ಪುಷ್ಪಲತಾ ಕಚೇರಿಗೆ ಫೋನು ಮಾಡಿ ಬೈಸಿಕೊಂಡಳು, ಬೈದಳು, ಕೊನೆಗೆ ಒಲೆಗಳನ್ನು ಒಡೆದು ಕಟ್ಟಿಸಲು ಒಪ್ಪಿಸಿದಳು. ನಾಳೆಯೇ ಗೌಂಡಿ ಬರುತ್ತಾನೆ, ಮೊದಲು ಕನಕಮ್ಮನದೇ ಎಂದಳು. ಕೆಲಸದ ಕಾಗದಕ್ಕೆ ಸಹಿ ಹಾಕಲು ಕನಕಮ್ಮ ಒಪ್ಪಲಿಲ್ಲ. ಪುಷ್ಪಲತಾ ನಿಟ್ಟುಸಿರಿಟ್ಟು, ಕೆಲಸದ ದಿನಾಂಕವನ್ನು ಹೊಡೆದು ಹಾಕಿ, ಹನ್ನೊಂದು ಮರಿಯೂ ಹೊರಬಂದ ಮೇಲೆ ಎಂದು ಬರೆದುಕೊಟ್ಟಳು.