ಅಣ್ಣ ಹೇಳುತ್ತಿದ್ದ ಟ್ರ್ಯಾಕ್ಟರ್ ಆಟ

ನಾನು ಹಟಮಾರಿ. ಮನೆಯಲ್ಲಿ ನನ್ನ ಬಗ್ಗೆ ಎಲ್ಲರೂ ಒಪ್ಪುವ ಮಾತು ಇದೊಂದೇ. ಬಳ್ಳಾರಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕೆಟ್ಟ ಕೀಬೋರ್ಡನ್ನು ಎಸೆಯಲು ಬಿಡದೆ ಅದರ ಸ್ಕ್ರೂ ಬಿಚ್ಚಿಕೊಂಡು ಕೂರುವವಳು ನಾನು. ಹೋದ ವರ್ಷ ಅಣ್ಣನಿಗಾಗಿ ಒಂದು ಪುಟ್ಟ ವಿಡಿಯೋ ಗೇಮ್ ಪೆಟ್ಟಿಗೆ ಕಟ್ಟಲು ಹೊರಟೆನಲ್ಲ, ಅದೂ ಈ ಹಟದಿಂದಲೇ. ಕಟ್ಟಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ನಮ್ಮೂರು ಸಿರುಗುಪ್ಪ ತಾಲ್ಲೂಕಿನಲ್ಲಿ ಕಾಲುವೆ ಪಕ್ಕದ ಒಂದು ಹಳ್ಳಿ. ನಮ್ಮದು ಊರಿನ ಕೊನೆಯ ಓಣಿ, ಉಳಿದವರು ಮುಟ್ಟಿಸಿಕೊಳ್ಳದ ಓಣಿ. ನಾವು ಬೌದ್ಧರಾಗಿ, ಬುದ್ಧನ ಫೋಟೋ ನಮ್ಮ ಗೋಡೆಗೆ ಬಂದದ್ದು ಎಷ್ಟೋ ವರ್ಷ ಆದಮೇಲೆ. ಅಪ್ಪ, ಅವ್ವ ಭತ್ತದ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದರು. ನನಗಿಂತ ಐದು ವರ್ಷ ದೊಡ್ಡವನಾದ ಅಣ್ಣ ದಿನಾ ಬಸ್ಸಿನಲ್ಲಿ ಸಿರುಗುಪ್ಪದ ಹೈಸ್ಕೂಲಿಗೆ ಹೋಗಿಬರುತ್ತಿದ್ದ. ಅಲ್ಲಿ ಬಸ್ ನಿಲ್ದಾಣದ ಹತ್ತಿರ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಸಂಜೆ ಅವನು ಬಸ್ಸಿಳಿಯುವುದನ್ನೇ ಕಾಯುತ್ತಿದ್ದೆ. ಅವತ್ತು ಆಟ ಎಲ್ಲಿಯವರೆಗೆ ಬಂತು ಎಂದು ಹೇಳುವ ತನಕ ಅವನನ್ನು ಮನೆಯೊಳಕ್ಕೆ ಬಿಡುತ್ತಿರಲಿಲ್ಲ.

ಆ ಆಟದಲ್ಲಿ ಒಂದು ಕೆಂಪು ಟ್ರ್ಯಾಕ್ಟರ್. ಓಡಿಸುವವನಿಗೆ ಮುಖವಿಲ್ಲ, ಟೋಪಿ ಮಾತ್ರ. ಟ್ರ್ಯಾಕ್ಟರ್ ಒಂದಾದ ಮೇಲೊಂದು ಕಾಲುವೆ ಹಾರಬೇಕು. ಮೇಲಿನಿಂದ ಕೊಕ್ಕರೆಗಳು ಬಂದು ಟೋಪಿ ಕಸಿಯುತ್ತವೆ, ಮೂರು ಸಲ ಟೋಪಿ ಹೋದರೆ ಮುಗಿಯಿತು. ಎಲ್ಲ ದಾಟಿದವನಿಗೆ ಕೊನೆಯಲ್ಲಿ ಒಂದು ದೊಡ್ಡ ಮನೆ ಸಿಗುತ್ತದೆ. ಒಬ್ಬ ಮುದುಕಿ ಬಂದು ಬಾಗಿಲು ತೆರೆಯುತ್ತಾಳೆ. “ನೀ ಯಾರು, ಯಾವ ಓಣಿ ಅಂತ ಕೇಳಂಗಿಲ್ಲ ಆಕಿ. ಒಳಗ ಬಾ ಅಂತಾಳ, ಅಷ್ಟ,” ಎನ್ನುತ್ತಿದ್ದ ಅಣ್ಣ. ಆಮೇಲೆ ಗೆದ್ದ ಸದ್ದನ್ನು ಬಾಯಲ್ಲೇ ಮಾಡುತ್ತಿದ್ದ. ನಾನು ಕಲ್ಲಿನ ಮೇಲೆ ಕೂತು, ಎರಡೂ ಕೈಯಲ್ಲಿ ಗಾಳಿಯನ್ನು ತಿರುಗಿಸಿ ಆಡುತ್ತಿದ್ದೆ. ನಮ್ಮ ಓಣಿಯಲ್ಲಿ ಆ ಮಷಿನ್ ಮುಟ್ಟಿದವನು ಅವನೊಬ್ಬನೇ. ಅದರ ಜಂಬ ನನಗೆ ಎಷ್ಟಿತ್ತೆಂದರೆ, ಶಾಲೆಯಲ್ಲಿ ಹುಡುಗಿಯರು ನನ್ನನ್ನು ಬಿಟ್ಟು ದೂರ ಸರಿದು ಕೂತಾಗ, “ನಿಮ್ಮಣ್ಣ ಮೂರನೇ ಕಾಲುವಿ ದಾಟ್ಯಾನೇನು?” ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ.

ಅಣ್ಣ ಹೈಸ್ಕೂಲಿಗೇ ಓದು ಬಿಟ್ಟು ಗಾರೆ ಕೆಲಸಕ್ಕೆ ಇಳಿದ. ನನ್ನನ್ನು ಓದಿಸಿದವನು ಅವನು. ಈಗ ಕುರುಗೋಡಿನಲ್ಲಿ ಮನೆ ಕಟ್ಟುವ ಮೇಸ್ತ್ರಿ. ಹಬ್ಬಕ್ಕೆ ಸೇರಿದಾಗಲೆಲ್ಲ ನಾನು ಕಾಡಿದರೆ ಆ ಆಟವನ್ನು ಇನ್ನೂ ಹೇಳುತ್ತಿದ್ದ, ಪ್ರತಿ ಸಲ ಒಂದು ಹೊಸ ಕಾಲುವೆ ಸೇರಿಸಿ. ಹೋದ ವರ್ಷ ಗೋಡೆ ಕಟ್ಟುವಾಗ ಮೇಲಿನಿಂದ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಮಂಚ ಹಿಡಿದ, ಮಾತು ಕಡಿಮೆಯಾಯಿತು. ಅವನ ಕೈಯಲ್ಲಿ ಆ ಆಟವನ್ನು ಮತ್ತೆ ಆಡಿಸಬೇಕು ಎಂಬ ಹುಚ್ಚು ನನಗೆ ಹತ್ತಿತು.

ಅಂಗೈಯಗಲದ ಕಂಪ್ಯೂಟರ್ ಬೋರ್ಡು ಸಿಗುತ್ತದೆ, ಹಳೆಯ ಆಟಗಳನ್ನೆಲ್ಲ ಅದರ ಮೆಮೊರಿ ಕಾರ್ಡಿಗೆ ತುಂಬಬಹುದು. ಅದರ ಜೊತೆಗೆ ಒಂದು ಸಣ್ಣ ಪರದೆ, ತಿರುಗಿಸುವ ಹಿಡಿ, ಆರು ಗುಂಡಿ, ಒಂದು ಸ್ಪೀಕರ್. ಬಳ್ಳಾರಿಯ ಬಡಗಿಯೊಬ್ಬರಿಂದ ಪ್ಲೈವುಡ್ ಕೊಯ್ಯಿಸಿ ತಂದೆ. ಅಂಗಡಿಗಳಲ್ಲಿದ್ದ ಮಷಿನ್ ಆಳೆತ್ತರದ್ದು, ನನ್ನದು ಮೇಜಿನ ಮೇಲೆ ಕೂರುವಂಥದ್ದು. ಮೊದಲು ಅಂಟಿಸಿದ ಪಕ್ಕ ಸೊಟ್ಟಗಾಗಿ ಕಿತ್ತೆ. ತಂತಿಗಳನ್ನು ಅದಲುಬದಲು ಬೆಸೆದದ್ದರಿಂದ ಹಿಡಿಯನ್ನು ಮೇಲಕ್ಕೆ ದೂಡಿದರೆ ಪರದೆಯ ಗೊಂಬೆ ಎಡಕ್ಕೆ ಹೋಯಿತು. ಬೆಸುಗೆ ಹಾಕುವಾಗ ಎರಡು ಬೆರಳು ಸುಟ್ಟುಕೊಂಡೆ. ಅದೆಲ್ಲ ಸುಖದ ಕಷ್ಟ.

ಆಟ ಮಾತ್ರ ಸಿಗಲಿಲ್ಲ. ಯಾವುದೋ ದೇಶದವರು ಮಾಡಿದ ಆಟದಲ್ಲಿ ಟ್ರ್ಯಾಕ್ಟರು, ಕೊಕ್ಕರೆ ಇರಲಿಕ್ಕಿಲ್ಲ, ಜೀಪನ್ನೋ ಇನ್ಯಾವುದೋ ಹಕ್ಕಿಯನ್ನೋ ಅಣ್ಣ ಹಾಗೆ ತಿಳಿದಿರಬೇಕು ಎಂದುಕೊಂಡು ಒಂದೊಂದೇ ಆಟ ತೆರೆದು ನೋಡಿದೆ. ಬಾಗಿಲು ತೆರೆಯುವ ಮುದುಕಿ ಯಾವುದರಲ್ಲೂ ಇಲ್ಲ. ಫೋನಿನಲ್ಲಿ ಹೆಸರು ಕೇಳಿದರೆ ಅಣ್ಣ, “ಹಳೇದು ಬಿಡಬೇ, ಯಾರಿಗೆ ನೆನಪೈತಿ,” ಎಂದು ಮಾತು ತಿರುಗಿಸುತ್ತಿದ್ದ. ಬಿಡುವವಳೇ ನಾನು? ಒಂದು ಭಾನುವಾರ ಸಿರುಗುಪ್ಪದ ಬಸ್ಸು ಹತ್ತಿದೆ.

ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಮಾಲೀಕರು ಆಗಿನವರೇ, ತಲೆ ಪೂರ್ತಿ ನರೆತಿದೆ. ಬಳ್ಳಾರಿಯ ಕಾಲೇಜಿನಿಂದ ಬಂದಿದ್ದೇನೆ ಎಂದದ್ದೇ ಕುರ್ಚಿ ಎಳೆದು ಕೂರಿಸಿದರು, ಚಹಾ ತರಿಸಿದರು. ನಾನು ಆಟವನ್ನು ವಿವರಿಸಿದಾಗ ನಕ್ಕರು.

“ಅಂಥಾದ್ದು ನಮ್ಮಲ್ಲಿ ಇದ್ದಿಲ್ಲ ಮೇಡಂ. ಎರಡ ಮಷಿನ್ ಇದ್ವು. ಒಂದು ಇಮಾನದ್ದು, ಒಂದು ಬಡದಾಟದ್ದು. ನಿಮಗ ಯಾರು ಹೇಳಿದ್ರು?”

ಅಣ್ಣ ಎಂದು ಹೇಳಲಿಲ್ಲ. ಊರಿನ ಹೆಸರು ಹೇಳಿ, ಎತ್ತರದ ಹುಡುಗ, ಮಷಿನ್ ಸದ್ದನ್ನು ಬಾಯಲ್ಲಿ ಮಾಡುತ್ತಿದ್ದ ಎಂದೆ. ಅವರ ಮುಖ ಅರಳಿತು.

“ಓ, ಆ ಹುಡುಗನಾ? ದಿನಾ ಹೊರಗ ಕಂಬಕ್ಕ ಆತು ನಿಂದರ್ತಿದ್ದ. ಕಣ್ಣು ಮುಚ್ಚಿ ಕೇಳ್ತಿದ್ದ ನೋಡ್ರಿ, ಆಮ್ಯಾಲ ಥೇಟ್ ಮಷಿನ್ ಮಾಡಿದಂಗ ಮಾಡ್ತಿದ್ದ. ಒಳಗ ಬಂದಾವಲ್ಲ ಅಂವ. ನಾವ ಬಿಡ್ತಿದ್ದಿಲ್ಲ ಅನ್ರಿ. ಆ ಓಣಿಯವ್ರು ಮುಟ್ಟಿದ್ರ ಉಳಿದ ಹುಡುಗ್ರು ಬರ್ತಿದ್ದಿಲ್ಲ. ಆವಾಗ ಹಂಗ ಇತ್ತು. ಚಾ ತಗೋರಿ, ಆರತೈತಿ.”

ಮಷಿನ್ ಎಲ್ಲಿ ಇಟ್ಟಿದ್ದಿರಿ ಎಂದು ಕೇಳಿದೆ. ಎರಡರ ಬೆನ್ನೂ ರಸ್ತೆಯ ಕಡೆಗಿತ್ತಂತೆ. ಹೊರಗೆ ನಿಂತವನಿಗೆ ಪರದೆ ಕಾಣುವಂತೆಯೇ ಇರಲಿಲ್ಲ. ಪಕ್ಕದಿಂದ ಆಡುವವರ ಮುಖ ಕಾಣುತ್ತಿತ್ತು, ಸದ್ದು ಕೇಳುತ್ತಿತ್ತು, ಅಷ್ಟೇ. ಅಷ್ಟರಿಂದಲೇ ನಮ್ಮಣ್ಣ ಟ್ರ್ಯಾಕ್ಟರ್, ಕಾಲುವೆ, ಕೊಕ್ಕರೆ, ಮುದುಕಿ ಎಲ್ಲವನ್ನೂ ಹುಟ್ಟಿಸಿ ಸಂಜೆ ಬಸ್ಸಿನಲ್ಲಿ ನನಗೆ ತಂದುಕೊಡುತ್ತಿದ್ದ. ನಾನು ಎದ್ದು ನಿಂತು ಆ ಮನುಷ್ಯನಿಗೆ ನಾಲ್ಕು ಮಾತು ಬೈದು ಬರಬೇಕಿತ್ತು. ಚಹಾ ಕುಡಿದು, ನಮಸ್ಕಾರ ಹೇಳಿ ಬಂದೆ. ಅದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಬಳ್ಳಾರಿಯವರೆಗೂ ಅತ್ತೆ.

ನನಗೆ ಗೊತ್ತಾದದ್ದು ಅಣ್ಣನಿಗೆ ಗೊತ್ತಾಗಬಾರದು. ತಂಗಿಯ ಕಣ್ಣಲ್ಲಿ ಅವನು ಆ ಮಷಿನ್ ಗೆದ್ದವನು, ಅಷ್ಟಾದರೂ ಅವನಿಗೆ ಉಳಿಯಲಿ ಎಂದುಕೊಂಡೆ. ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅದನ್ನು ಕಟ್ಟುತ್ತಿರುವ ವಿಷಯ ಅವನಿಗೆ ಆಗಲೇ ಹೇಳಿಬಿಟ್ಟಿದ್ದೆ. ಆಟ ಸಿಗಲಿಲ್ಲ ಎಂದರೆ ಸಂಶಯ ಬರುತ್ತದೆ ಎಂದು ನನ್ನ ಬುದ್ಧಿ ಓಡಿತು. ಸರಿ, ಇಲ್ಲದ ಆಟವನ್ನು ನಾನೇ ಮಾಡುತ್ತೇನೆ ಎಂದು ಕೂತೆ.

ಎರಡು ತಿಂಗಳು ಹಿಡಿಯಿತು. ಚೌಕದ ಹಾಳೆಯಲ್ಲಿ ಒಂದೊಂದೇ ಚೌಕ ತುಂಬಿ ಟ್ರ್ಯಾಕ್ಟರ್ ಬಿಡಿಸಿದೆ, ಆಮೇಲೆ ಅದನ್ನು ಪ್ರೋಗ್ರಾಮಿಗೆ ಇಳಿಸಿದೆ. ಕೊಕ್ಕರೆ ಮೊದಲು ಕೋಳಿಯಂತೆ ಬಂತು. ಟೋಪಿ ಕಸಿದ ಮೇಲೆ ಅದು ಹಾರಿಹೋಗದೆ ನೀರಿಗೆ ಬೀಳುತ್ತಿತ್ತು. ಮುದುಕಿಯನ್ನು ಬಿಡಿಸುವ ದಿನ ಮಾತ್ರ ಕೈ ಓಡಲಿಲ್ಲ. ಅವಳು ಯಾವ ಓಣಿ ಎಂದು ಕೇಳದಿರುವುದನ್ನು ಚಿಕ್ಕವಳಿದ್ದಾಗ ಆಟದ ನಿಯಮ ಎಂದುಕೊಂಡಿದ್ದೆ.

ಟವೆಲ್ಲಿನಲ್ಲಿ ಸುತ್ತಿದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುರುಗೋಡಿಗೆ ಹೋದೆ. ಅಣ್ಣ ದಿಂಬಿಗೆ ಒರಗಿ ಕೂತಿದ್ದ. ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು ಸ್ವಿಚ್ ಹಾಕಿದೆ. ಕೆಂಪು ಟ್ರ್ಯಾಕ್ಟರ್ ಬಂತು, ಮೊದಲ ಕಾಲುವೆ ಬಂತು. ಅವನು ಹಿಡಿಯನ್ನು ಮುಟ್ಟಲಿಲ್ಲ. ಸಿಮೆಂಟಿಗೆ ಒರಟಾದ ಬೆರಳುಗಳು ತೊಡೆಯ ಮೇಲೇ ಇದ್ದವು. ನಾನೇ ಆಡಿ ತೋರಿಸಿದೆ. ಎಲ್ಲ ಕಾಲುವೆ ದಾಟಿಸಿದೆ. ಮುದುಕಿ ಬಾಗಿಲು ತೆರೆದಳು.

“ಇದು ಎಲ್ಲಿ ಸಿಕ್ತು?” ಎಂದ.

“ನೆಟ್ಟಿನ್ಯಾಗ ಅಣ್ಣಾ. ಬಾಳ ಹುಡುಕಿದೆ.”

“ಇಲ್ಲದ್ದು ಹೆಂಗ ಸಿಗತೈತಿ?”

ನನ್ನ ದಡ್ಡತನ ಆಗ ಹೊಳೆಯಿತು. ಇಂಥ ಆಟ ಎಲ್ಲಿಯೂ ಇಲ್ಲ ಎಂದು ಜಗತ್ತಿನಲ್ಲಿ ಖಾತ್ರಿಯಾಗಿ ಗೊತ್ತಿದ್ದವನು ಒಬ್ಬನೇ. ನಾನು ಅವನ ಮುಂದೆಯೇ ಅದನ್ನು ತಂದಿಟ್ಟಿದ್ದೆ.

“ಸಿರುಗುಪ್ಪಕ್ಕ ಹೋಗಿದ್ದೇನು?” ಎಂದು ಕೇಳಿದ. ಸುಳ್ಳು ಹೇಳಲು ಆಗಲಿಲ್ಲ, ತಲೆಯಾಡಿಸಿದೆ. ಅವನು ಪರದೆಯ ಮೇಲಿನ ತೆರೆದ ಬಾಗಿಲನ್ನು ನೋಡಿದ.

“ನಿನ್ನ ಒಳಗ ಕರದ್ರಾ?”

“ಹೂಂ.”

“ಚಲೋ ಆತು ಬಿಡು,” ಎಂದ. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ನಾನು ಅಳುತ್ತಾ ಅವನ ಕೈ ಹಿಡಿದುಕೊಂಡೆ. ಈ ಪೆಟ್ಟಿಗೆ ಹಾಳಾಗಿ ಹೋಗಲಿ, ಒಂದು ಸಲ ನೀನೇ ಹೇಳು, ಮೊದಲಿನಂತೆ ಹೇಳು ಅಣ್ಣಾ ಎಂದೆ. ಅವನು ಕೈ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ನನ್ನ ತಲೆ ಸವರಿದ.

“ಇನ್ನೇನು ಹೇಳಲಿ ತಂಗಿ,” ಎಂದ. “ನೀ ನೋಡಿಬಿಟ್ಟಿ.”