ಚಲುವಮ್ಮ ಟೈಲ್ಸ್ ಅಂಗಡಿಗೆ ಹೋದದ್ದು

ಕಿರುಗಾವಲಿನ ಆ ಹೊಸ ಮನೆಯಲ್ಲಿ ಬಣ್ಣ ಕಾಣದೆ ಉಳಿದದ್ದು ಅಡುಗೆಮನೆ ಒಂದೇ. ಹಾಲುಕ್ಕಿಸಿ ನಾಲ್ಕು ತಿಂಗಳಾಗಿದ್ದರೂ ಅದರ ಗೋಡೆ ಇನ್ನೂ ಬರೀ ಸಿಮೆಂಟಿನದು. ಒಗ್ಗರಣೆ ಹಾಕಿದಾಗಲೆಲ್ಲ ಎಣ್ಣೆ ಸಿಡಿದು ಒಲೆಯ ಹಿಂದೆ ತಟ್ಟೆಯಗಲದ ಕಲೆಯೊಂದು ಹರಡಿಕೊಂಡಿತ್ತು. ಬೆಳಿಗ್ಗೆ ಎದ್ದು ಕಾಫಿಗೆ ನೀರಿಡುವಾಗ ಚಲುವಮ್ಮನ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಅದೇ. ನೋಡಿದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು.

ಹಾಗಂತ ಮನೆಯವರು ಅಡುಗೆಮನೆಯನ್ನು ಮರೆತಿದ್ದರು ಅಂತಲ್ಲ. ಮರೆತಿದ್ದರೆ ಎಷ್ಟೋ ವಾಸಿಯಿತ್ತು. ಆ ಗೋಡೆಗೆ ಏನು ಹಾಕಬೇಕು, ಯಾವ ಬಣ್ಣ ಬಳಿಯಬೇಕು ಅನ್ನುವುದರ ಬಗ್ಗೆ ಮನೆಗೆ ಬಂದವರೆಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ಆ ಅಭಿಪ್ರಾಯಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ.

ಚಲುವಮ್ಮನಿಗೆ ಈಗ ಐವತ್ತೆಂಟು. ಮದುವೆಯಾಗಿ ಬ್ಲಫ್ ಅನ್ನುವ ಊರಿಗೆ ಕಾಲಿಟ್ಟಾಗ ಇಪ್ಪತ್ತೆರಡು. ಗಂಡ ಸಿದ್ದರಾಜು ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಮೆಕ್ಯಾನಿಕ್ ಆಗಿದ್ದ. ನೌಕರರ ಸಾಲುಮನೆಯಲ್ಲಿ ಅವರಿಗೆ ಸಿಕ್ಕಿದ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬಾಗಿಲಾಚೆ ನಿಲ್ಲಬೇಕಿತ್ತು. ಅಷ್ಟರಲ್ಲೇ ಅವಳು ಹೊಸದಾಗಿ ಕೆಲಸಕ್ಕೆ ಸೇರಿ ಬರುತ್ತಿದ್ದ, ಇನ್ನೂ ಮದುವೆಯಾಗದ ನೌಕರರಿಗೆ ಎರಡು ಹೊತ್ತು ಊಟ ಹಾಕಿದಳು. ಒಮ್ಮೊಮ್ಮೆ ಆರು ಜನ, ಒಮ್ಮೊಮ್ಮೆ ಹತ್ತು ಜನ. ಹೀಗೆ ಇಪ್ಪತ್ತು ವರ್ಷ. ಅವಳ ಕೈಯ ಉಪ್ಸಾರು ತಿಂದವರಲ್ಲಿ ಕೆಲವರು ದೊಡ್ಡ ಹುದ್ದೆಗೆ ಹೋಗಿದ್ದರು. ಯುಗಾದಿಗೆ ಈಗಲೂ ಫೋನ್ ಮಾಡುತ್ತಿದ್ದರು.

ಅಲ್ಲಿ ಬಣ್ಣದ ತಂಟೆಯೇ ಇರಲಿಲ್ಲ. ಐದಾರು ವರ್ಷಕ್ಕೊಮ್ಮೆ ಬಣ್ಣದವರು ಬಂದು ಇಡೀ ಸಾಲಿಗೆ ಒಂದೇ ತೆಳುಹಳದಿ ಬಳಿದು ಹೋಗುತ್ತಿದ್ದರು. ಒಲೆಯ ಹಿಂದಿನ ಗೋಡೆಗೆ ಚಲುವಮ್ಮ ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಗಂಜಿಯಲ್ಲಿ ಅಂಟಿಸುತ್ತಿದ್ದಳು. ಜಿಡ್ಡಾದರೆ ಕಿತ್ತು ಇನ್ನೊಂದು ಅಂಟಿಸುತ್ತಿದ್ದಳು. ಸಿದ್ದರಾಜು ನಿವೃತ್ತನಾಗಿ ಕಿರುಗಾವಲಿನಲ್ಲಿ ಮನೆ ಎಬ್ಬಿಸಿದಾಗ, ಅಡುಗೆಮನೆ ಮಾತ್ರ ಅಗಲವಾಗಿರಲಿ, ಕಿಟಕಿ ದೊಡ್ಡದಿರಲಿ ಅಂತ ಅವಳು ಕೇಳಿದ್ದಳು. ಎರಡೂ ಆಗಿತ್ತು. ಆಮೇಲೆ ಶುರುವಾಯಿತು ಗೋಡೆಯ ಪಂಚಾಯಿತಿ.

ಸಿದ್ದರಾಜು ಬೆಳ್ಳಗಿರಲಿ ಅಂದ. ಅವನ ಪ್ರಕಾರ ಅಡುಗೆಮನೆ ಆಸ್ಪತ್ರೆಯಷ್ಟು ಚೊಕ್ಕವಾಗಿರಬೇಕು. ಕೊತ್ತತ್ತಿಯಿಂದ ಬಂದ ಅವನ ತಮ್ಮ ಜಯಪ್ರಕಾಶ್ ನಾಲೆ ನೀರಿನಲ್ಲಿ ಭತ್ತ ಬೆಳೆಯುವವನು, ಇತ್ತೀಚೆಗೆ ವಾಸ್ತುವಿನ ಗೀಳು ಹಿಡಿಸಿಕೊಂಡಿದ್ದ. ಆಗ್ನೇಯದ ಮೂಲೆ ಅಗ್ನಿಯದು, ಅಲ್ಲಿಗೆ ಕೆಂಪೋ ಕಿತ್ತಳೆಯೋ ಆಗಬೇಕು, ನೀಲಿ ಹಚ್ಚಿದರೆ ಮನೆಯ ಯಜಮಾನನಿಗೆ ಆಗಿಬರಲ್ಲ ಅಂತ ಹೆದರಿಸಿ, ಎರಡು ಲೋಟ ಮಜ್ಜಿಗೆ ಕುಡಿದು ಹೋದ. ಮದ್ದೂರಿನಲ್ಲಿ ಹೈಸ್ಕೂಲು ಮೇಡಮ್ಮಾಗಿದ್ದ ಮಗಳು ಗಗನ, ಈಗ ಎಲ್ಲ ಕಡೆ ಬೂದುಬಣ್ಣವೇ ನಡೆಯುವುದು ಅಂತ ದಿನಕ್ಕೆ ಹತ್ತು ಫೋಟೋ ಕಳಿಸತೊಡಗಿದಳು. ಆ ಫೋಟೋಗಳ ಅಡುಗೆಮನೆಯಲ್ಲಿ ಒಂದು ಸೌಟು ಕೂಡ ಕಾಣುತ್ತಿರಲಿಲ್ಲ. ಇಲ್ಲಿ ಯಾರಾದರೂ ಅನ್ನ ಮಾಡುತ್ತಾರೋ ಇಲ್ಲವೋ ಅಂತ ಚಲುವಮ್ಮ ಕೇಳಿದರೆ, ಮಗಳು ನಕ್ಕು ಇನ್ನೆರಡು ಕಳಿಸಿದಳು.

ಮೂವರೂ ಫೋನಿನಲ್ಲಿ ಒಬ್ಬರೊಡನೊಬ್ಬರು ವಾದಿಸುತ್ತಿದ್ದರು. ಚಲುವಮ್ಮ ಅದೇ ಕೋಣೆಯಲ್ಲಿ ನಿಂತು ಮುದ್ದೆ ತೊಳಸುತ್ತಿದ್ದಳು.

ಇನ್ನೂ ಕಾಯುವುದು ಬೇಡ ಅಂತ ಗಗನ ಒಂದು ದಿನ ಆನ್‌ಲೈನಿನಲ್ಲಿ ಅಂಟಿಸುವ ಹಾಳೆ ತರಿಸಿ ಕಳಿಸಿದಳು. ನೋಡಲು ಅಮೃತಶಿಲೆಯ ಹಾಗೆ, ಹಿಂದೆ ಗೋಂದು. ಸಿದ್ದರಾಜು ಮಟ್ಟಗೋಲು ಹಿಡಿದು, ಕಾರ್ಖಾನೆಯ ಯಂತ್ರ ಕೂರಿಸುವವನ ಹಾಗೆ, ಇಡೀ ಭಾನುವಾರ ಅದನ್ನು ಅಂಟಿಸಿದ. ಸಂಜೆ ಫೋಟೋ ತೆಗೆದು ಎಲ್ಲರಿಗೂ ಕಳಿಸಿದ. ಒಲೆಯ ಹತ್ತಿರದ ಮೂಲೆ ಆಗಲೇ ಮೇಲೆದ್ದಿದೆ ಅಂತ ಚಲುವಮ್ಮ ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಮೂರನೆಯ ವಾರ, ಹಿತಕಿದ ಅವರೇಬೇಳೆಯ ಸಾರು ಕುದಿಯುತ್ತಿರುವಾಗ, ಆವಿಗೆ ಸಡಿಲಗೊಂಡ ಮೊಳದುದ್ದದ ಹಾಳೆ ಗೋಡೆಯಿಂದ ಜಾರಿ ಸೀದಾ ಸಾರಿನೊಳಕ್ಕೆ ಇಳಿಯಿತು. ಬೆಳಿಗ್ಗೆಯಿಂದ ಕೂತು ಒಂದೊಂದೇ ಹಿತಕಿದ ಕಾಳು ಅದು. ಚಲುವಮ್ಮ ಪಾತ್ರೆ ಇಳಿಸಿ, ಸಾರನ್ನು ಹಿತ್ತಲಿಗೆ ಚೆಲ್ಲಿ, ಗೋಡೆಯಲ್ಲಿ ಉಳಿದ ಹಾಳೆಯನ್ನೆಲ್ಲ ಎರಡೂ ಕೈಯಲ್ಲಿ ಎಳೆದು ಹಾಕಿದಳು. ಆ ಮಧ್ಯಾಹ್ನ ಸಿದ್ದರಾಜು ಉಪ್ಪಿನಕಾಯಿ ಮಜ್ಜಿಗೆಯಲ್ಲಿ ಉಂಡ.

ತಪ್ಪು ತಿದ್ದಿಕೊಳ್ಳುವವನ ಹಾಗೆ ಅವನು ಮಾರನೇ ದಿನ ಮಳವಳ್ಳಿಗೆ ಹೋಗಿ ಟೈಲ್ಸ್ ಮಾದರಿ ತಂದ. ಬೆಳ್ಳನೆಯ ನಾಲ್ಕು ಬಿಲ್ಲೆ, ಜೊತೆಗೆ ನಡುನಡುವೆ ಕೂರಿಸಲು ಚಿತ್ರವಿದ್ದ ಎರಡು. ಒಂದರಲ್ಲಿ ಅವಳು ಎಂದೂ ತಿನ್ನದ ಯಾವುದೋ ಕೆಂಪು ಹಣ್ಣು. ಇನ್ನೊಂದರಲ್ಲಿ ಉದ್ದ ಕಾಲಿನ ಗಾಜಿನ ಲೋಟ, ಪಕ್ಕದಲ್ಲಿ ಬಾಟಲಿ.

“ಇದೇನ್ರೀ ಇದು, ಬ್ರಾಂದಿ ಅಂಗಡಿಯಾ ನಮ್ಮದು?” ಅಂದಳು ಚಲುವಮ್ಮ.

“ಅದು ಡಿಜೈನು ಕಣಮ್ಮೀ. ಎಲ್ರೂ ಆಕುಸ್ತಾವ್ರೆ.”

ಅವಳು ಬಿಲ್ಲೆಗಳನ್ನು ಹಾಗೇ ಚೀಲಕ್ಕೆ ಹಾಕಿದಳು. ನಾಳೆ ತಾನೂ ಬರುತ್ತೇನೆ, ಬಸ್ಸಿಗೆ ಬೇಗ ಹೊರಡಬೇಕು ಅಂದಳು. ಸಿದ್ದರಾಜು ಬಿಸಿಲು ಅಂದ, ಮಂಡಿನೋವು ಅಂದ. ಅವಳು ಒಂದು ಸಣ್ಣ ಸ್ಟೀಲ್ ಡಬ್ಬಿಗೆ ಕಡಲೆಕಾಯಿ ಎಣ್ಣೆ ಬಗ್ಗಿಸಿ, ಅದಕ್ಕೆ ಅರಿಶಿನ, ಖಾರದಪುಡಿ ಕಲಸಿ ಮುಚ್ಚಳ ಬಿಗಿದಳು. ಒಗೆದು ಒಣಗಿಸಿದ ಮಸಿಬಟ್ಟೆಯೊಂದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಮಳವಳ್ಳಿಯ ಆ ಅಂಗಡಿಯ ಯಜಮಾನ ದೇವರಾಜು ಮಾತುಗಾರ. ಅಕ್ಕ ಅಂತ ಕರೆದು, ಕುರ್ಚಿ ಹಾಕಿಸಿ, ಟೀ ತರಿಸಿ, ಒಂದೊಂದೇ ಬಿಲ್ಲೆ ಇಳಿಸತೊಡಗಿದ. ಗಗನ ಹೇಳಿದ್ದ ಬೂದು, ಜಯಪ್ರಕಾಶನ ಕಿತ್ತಳೆ, ಸಿದ್ದರಾಜುವಿನ ಬಿಳಿ, ಎಲ್ಲವೂ ಅವನ ಹತ್ತಿರ ಇದ್ದವು. ಬೂದುಬಣ್ಣದ್ದನ್ನು ಕೈಯಲ್ಲಿ ಸವರುತ್ತ, ಇದರ ಮೇಲೆ ಏನು ಬಿದ್ದರೂ ಕೊಳೆ ಕಾಣಲ್ಲ, ಆರು ತಿಂಗಳು ಒರೆಸದಿದ್ದರೂ ಗೊತ್ತಾಗಲ್ಲ ಅಂತ ಹೊಗಳಿದ.

ಚಲುವಮ್ಮ ಅವನ ಮುಖವನ್ನೇ ನೋಡಿದಳು. “ಕೊಳೆ ಕಾಣ್ದೇ ಇದ್ರೆ ಒರ್ಸೋದು ಯಾವ್ದನ್ನಪ್ಪ? ಅದ್ರ ಮುಂದೆ ನಿಂತ್ಕಂಡು ಅನ್ನ ಬೇಯ್ಸೋಳು ನಾನು.”

ಆಮೇಲೆ ಡಬ್ಬಿ ತೆಗೆದಳು. ಅಂಗಡಿಯವನು ಬೇಡ ಬೇಡ ಅನ್ನುವಷ್ಟರಲ್ಲಿ ಅವನು ಇಳಿಸಿಟ್ಟಿದ್ದ ಐದೂ ಬಿಲ್ಲೆಗೆ ಒಂದೊಂದು ಚಮಚ ಎಣ್ಣೆಯರಿಶಿನ ಸುರಿದು, ಬೆರಳಲ್ಲಿ ಹರಡಿ, ಸೆರಗಿಗೆ ತಾಗದ ಹಾಗೆ ಕೈ ಒರೆಸಿಕೊಂಡು ಕೂತಳು. ಸಿದ್ದರಾಜು ನಾಚಿಕೆಯಿಂದ ರಸ್ತೆಯ ಕಡೆ ತಿರುಗಿ ನಿಂತ. ಅಷ್ಟರಲ್ಲಿ ಬಂದ ಇನ್ನಿಬ್ಬರು ಗಿರಾಕಿಗಳು ತಮ್ಮ ಕೆಲಸ ಬಿಟ್ಟು ಇದನ್ನೇ ನೋಡುತ್ತ ನಿಂತರು. ಅರ್ಧ ಗಂಟೆಯಾದ ಮೇಲೆ ಅವಳು ಮಸಿಬಟ್ಟೆಗೆ ಒಂದಿಷ್ಟು ನೀರು ಮುಟ್ಟಿಸಿ ಒರೆಸಿದಳು. ಒರಟು ಮೈಯ ಬೂದುಬಿಲ್ಲೆಯಲ್ಲಿ ಹಳದಿ ಹಾಗೇ ಕೂತಿತ್ತು, ತಿಕ್ಕಿದರೂ ಬಿಡಲಿಲ್ಲ. ಕಿತ್ತಳೆಯದರಲ್ಲಿ ಉಬ್ಬುಗೆರೆಗಳ ಸಂದಿಗೆಲ್ಲ ಖಾರದಪುಡಿ ಮೆತ್ತಿತ್ತು. ನುಣುಪಾದ ಮೂರು ಮಾತ್ರ ಒಂದೇ ಸಲ ಒರೆಸಿದ್ದಕ್ಕೆ ಹೊಳೆದವು. ಅದರಲ್ಲಿ ಕೆನೆಯ ಬಣ್ಣದ ದೊಡ್ಡ ಬಿಲ್ಲೆಯನ್ನು ಅವಳು ಎತ್ತಿಟ್ಟಳು. ದೊಡ್ಡದಾದರೆ ಸಂದು ಕಡಿಮೆ, ಜಿಡ್ಡು ಕೂರಲು ಜಾಗವಿರಲ್ಲ ಅಂತ ವಿವರಿಸಿದಳು. ಚಿತ್ರದ್ದು ಒಂದೂ ಬೇಡ ಅಂದಳು.

ಕಾದು ನಿಂತಿದ್ದ ಗಿರಾಕಿಯೊಬ್ಬ ತಾನು ಆರಿಸಿಟ್ಟಿದ್ದ ಬೂದುಬಿಲ್ಲೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ದೇವರಾಜುವಿನ ಬಾಯಲ್ಲಿ ಅಕ್ಕ ಅನ್ನುವುದು ಅಲ್ಲಿಗೆ ನಿಂತಿತು.

ಆ ವಾರವೇ ಒಲೆಯ ಹಿಂದೆ, ತೊಟ್ಟಿಯ ಸುತ್ತ ಟೈಲ್ಸ್ ಏರಿತು. ಇನ್ನು ಮೇಲಿನ ಗೋಡೆಗೆ ಬಣ್ಣ. ಪೇಂಟರ್ ಅಂಕಯ್ಯ ಬಣ್ಣಗಳ ದಪ್ಪ ಪುಸ್ತಕ ತಂದು ಅವಳ ಮುಂದಿಟ್ಟ. ಸಾರಿನ ಪ್ರಕರಣದಿಂದ, ಅಂಗಡಿಯ ಪ್ರಕರಣದಿಂದ ಸುಧಾರಿಸಿಕೊಂಡಿದ್ದ ಸಿದ್ದರಾಜು, ನಿನಗೆ ಯಾವುದು ಬೇಕೋ ನೀನೇ ಹೇಳು ಅಂದುಬಿಟ್ಟ. ಗಗನಳೂ ಫೋನಿನಲ್ಲಿ ಹಾಗೇ ಅಂದಳು.

ಚಲುವಮ್ಮ ಹಾಳೆ ತಿರುಗಿಸಿದಳು. ಬರೀ ಹಸಿರೇ ಎಂಟು ಹಾಳೆ. ಒಂದರಿಂದ ಇನ್ನೊಂದಕ್ಕೆ ಏನು ವ್ಯತ್ಯಾಸವೋ ದೇವರೇ ಬಲ್ಲ. ಎಣ್ಣೆ ಸುರಿದು ನೋಡುವಂಥ ಪರೀಕ್ಷೆ ಇದಕ್ಕೆ ಯಾವುದೂ ಇರಲಿಲ್ಲ. ಯಾವುದು ಇಷ್ಟ ಅಂದರೆ ಹೇಳಲು ಅವಳಿಗೇ ಗೊತ್ತಿರಲಿಲ್ಲ. ಇಷ್ಟು ದಿನ ಯಾರೂ ತನ್ನನ್ನು ಕೇಳಲಿಲ್ಲ ಅಂತ ಉರಿದುಕೊಂಡಿದ್ದಳು. ಕೇಳಿದಾಗ ಬಾಯಿ ಕಟ್ಟಿತು. ಈಗ ತನ್ನ ಮೇಲೇ ಸಿಟ್ಟು ಬಂತು. ಅಂಕಯ್ಯನಿಂದ ಗೋಡೆಗೆ ನಾಲ್ಕು ತೇಪೆ ಹಚ್ಚಿಸಿದಳು, ಬೇಡವೆಂದು ಇನ್ನು ಮೂರು ಹಚ್ಚಿಸಿದಳು. ಮೂರನೆಯ ಸಲ ಕರೆದಾಗ ಅಂಕಯ್ಯ ಎರಡು ದಿನ ಫೋನೇ ಎತ್ತಲಿಲ್ಲ. ಕೊನೆಗೆ ಪುಸ್ತಕದಲ್ಲಿ ಗಿಳಿಹಸಿರೊಂದರ ಮೇಲೆ ಬೆರಳಿಟ್ಟಳು. ಬೆರಳು ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ, ಅಷ್ಟೇ.

ಒಣಗಿದ ಮೇಲೆ ಅದು ಪುಸ್ತಕದಲ್ಲಿದ್ದುದಕ್ಕಿಂತ ಜೋರಾಗಿ ಕಂಡಿತು. ಬೆಳಗಿನ ಬಿಸಿಲು ಕಿಟಕಿಯಿಂದ ಬಿದ್ದರೆ ನಡುಮನೆಯ ಗೋಡೆಗೂ ಹಸಿರು ತಾಗುತ್ತಿತ್ತು. ಸಿದ್ದರಾಜು ಒಮ್ಮೆ ನೋಡಿ ಪೇಪರ್ ಹಿಡಿದ. ಗಗನ ಮದ್ದೂರಿನಿಂದ ಬಂದವಳು ಬಾಗಿಲಲ್ಲೇ ನಿಂತು, “ಅಮ್ಮ, ಕಣ್ಣು ಕುಕ್ಕುತ್ತಲ್ಲಮ್ಮ,” ಅಂದಳು. ಕುಕ್ಕುತ್ತಿತ್ತು. ಚಲುವಮ್ಮನಿಗೂ ಅದು ಗೊತ್ತಿತ್ತು. ಅವಳು ಮಗಳ ಕೈಗೆ ಈರುಳ್ಳಿ, ಚಾಕು ಕೊಟ್ಟಳು.

ಸಾಮಾನು ತೆಗೆದುಕೊಂಡು ಹೋಗಲು ಬಂದ ಅಂಕಯ್ಯ, ಮೇಲೊಂದು ಬಿಳಿ ಕೋಟು ತೆಳುವಾಗಿ ಹೊಡೆದರೆ ಬಣ್ಣದ ಜೋರು ಇಳಿಯುತ್ತದೆ, ಅರ್ಧ ದಿನದ ಕೆಲಸ ಅಂದ. ಚಲುವಮ್ಮ ಸೌಟು ಹಿಡಿದುಕೊಂಡೇ ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ಒಂದು ಸಲ ನೋಡಿದಳು.

“ಇರ್ಲಿ ಬುಡು,” ಅಂದಳು. “ತಪ್ಪಿದ್ರೂ ನಾನ್ ಆರ್ಸಿದ್ದು. ದಿನಾ ನೋಡೋಳು ನಾನು ತಾನೆ.”

ಅಂಕಯ್ಯ ಏಣಿ ಎತ್ತಿಕೊಂಡ. ಊಟದ ಹೊತ್ತು, ಉಂಡು ಹೋಗು ಅಂತ ಅವಳು ಅವನನ್ನು ತಡೆದಳು.