ಹಡಗಿನ ದರ ಇಳಿದ ಬೆಳಗು

ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿಬರುವ ಪ್ರವಾಸಿ ಹಡಗಿನಲ್ಲಿ ಮೂವರಿಗೆ ಒಂದು ಕೋಣೆಯನ್ನು ಕಾಯ್ದಿರಿಸಿದ ಮರುದಿನದಿಂದಲೇ ನಾನು ಅದರ ದರವನ್ನು ನೋಡತೊಡಗಿದೆ. ಕೊಂಡ ಮೇಲೆ ಬೆಲೆ ವಿಚಾರಿಸುವುದು ವ್ಯರ್ಥವೆಂದು ಯಾರಿಗಾದರೂ ಅನ್ನಿಸೀತು. ನಿಪ್ಪಾಣಿಯಲ್ಲಿ ಟಿಕೆಟ್ ಮಾಡಿಕೊಟ್ಟ ಟ್ರಾವೆಲ್ಸ್ ಅಂಗಡಿಯ ಒಡತಿ ರಸೀದಿ ಕೊಡುವಾಗ ಹೇಳಿದ ಮಾತು ಇದಕ್ಕೆ ಕಾರಣ.

“ಪೂರಾ ರೊಕ್ಕ ತುಂಬೂ ಕಡೀ ದಿನದ ತನಕಾ ದರ ಇಳದ್ರ, ಇಳದ ದರಾನ ನಿಮಗೂ ಸಿಗತೈತ್ರಿ ಸಾಹೇಬ್ರ. ಆದ್ರ ನಾವಾಗಿ ಕೇಳಬೇಕು. ಕಂಪನಿಯವ್ರು ತಾವಾಗಿ ಹೇಳೂದಿಲ್ಲ.”

ಆ ಕೊನೆಯ ಮಾತು ನನ್ನನ್ನು ಕಾಡಿತು. ನನ್ನ ದುಡಿಮೆಯ ವರ್ಷಗಳೆಲ್ಲ ಶಾಸನಗಳ, ಹಳೆಯ ದಾನಪತ್ರಗಳ ತಿಥಿಗಳನ್ನು ವಾರ, ನಕ್ಷತ್ರ, ಸಂವತ್ಸರಗಳೊಡನೆ ತಾಳೆ ನೋಡುವುದರಲ್ಲಿಯೇ ಕಳೆದಿವೆ. ಯಾರೂ ಹೇಳದೆ ಬಿಟ್ಟದ್ದನ್ನು ನಾನೂ ನೋಡದೆ ಬಿಟ್ಟರೆ ಏನಾಗುತ್ತದೆಂಬ ಅಳುಕು ನಿವೃತ್ತಿಯ ನಂತರವೂ ಹೋಗಿಲ್ಲ. ಹಣ ತುಂಬುವ ಕೊನೆಯ ದಿನ ಸಂಕ್ರಾಂತಿ ಕಳೆದ ಮೊದಲ ಶುಕ್ರವಾರ. ಅದನ್ನು ರಸೀದಿಯಲ್ಲಿ ಒಮ್ಮೆ, ಕಂಪನಿಯ ನಿಯಮಗಳ ಪುಟದಲ್ಲಿ ಒಮ್ಮೆ, ಫೋನಿನಲ್ಲಿ ಒಡತಿಯನ್ನೇ ಕೇಳಿ ಇನ್ನೊಮ್ಮೆ ಖಚಿತಪಡಿಸಿಕೊಂಡೆ. ಚಿಕ್ಕೋಡಿಯ ನಮ್ಮ ಮನೆಯಲ್ಲಿ ಬೆಳಗಿನ ತಿರುಗಾಟ ಮುಗಿಸಿ ಬಂದವನೇ ಕಂಪ್ಯೂಟರ್ ತೆರೆದು ನಮ್ಮದೇ ಬಗೆಯ ಕೋಣೆಯ ದರ ನೋಡುವುದು ನಿತ್ಯದ ಕ್ರಮವಾಯಿತು. ದರ ಒಂದು ದಿನ ಏರುತ್ತಿತ್ತು, ಮೂರು ದಿನ ಅಲ್ಲಿಯೇ ನಿಲ್ಲುತ್ತಿತ್ತು. ಏರಿದಾಗಲೂ ನನಗೆ ಸಮಾಧಾನವಾಗುತ್ತಿರಲಿಲ್ಲ; ಕೋಣೆಗಳು ತೀರುತ್ತಿವೆ, ಇನ್ನು ದರ ಇಳಿಯದೆಂದು ಹೆದರುತ್ತಿದ್ದೆ.

“ಏನ್ರಿ, ಹಡಗ ಮುಳುಗೇತೇನು? ಮುಖಾ ಹಂಗ್ಯಾಕ ಮಾಡೀರಿ?” ಎಂದು ಹೆಂಡತಿ ಚಹಾ ತಂದಿಟ್ಟು ಕೇಳುತ್ತಿದ್ದಳು.

ಈ ಪ್ರವಾಸ ಹುಟ್ಟಿದ್ದು ಅವಳ ಅಕ್ಕನಿಗಾಗಿ. ಅಕ್ಕನವರನ್ನು ಕೊಟ್ಟದ್ದು ಮಂಗಸೂಳಿಗೆ. ಅಲ್ಲಿ ಅವರಿಗೆ ತುಸು ಕಬ್ಬಿನ ಹೊಲ, ನಾಲ್ಕು ಎಮ್ಮೆ. ಎಮ್ಮೆಗಳನ್ನು ಬಿಟ್ಟು ಅವರು ಒಂದು ರಾತ್ರಿಯೂ ಹೊರಗೆ ಉಳಿದದ್ದನ್ನು ನಾವು ಕಂಡಿರಲಿಲ್ಲ. ಕಳೆದ ವರ್ಷ ಮಿರಜೆಯ ಕಣ್ಣಿನ ವೈದ್ಯರು, ಒಂದು ಕಣ್ಣು ಹೋಗಿಯೇ ಬಿಟ್ಟಿದೆ, ಇನ್ನೊಂದು ಮಂದವಾಗುತ್ತ ನಡೆದಿದೆ, ಮುಂದಿನ ವರ್ಷ ಎಷ್ಟು ಉಳಿಯುವುದೋ ಹೇಳಲಾರೆ ಎಂದರು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಅಕ್ಕ, “ಎಲ್ಲಾ ನೋಡೇನಿ, ಸಮುದ್ರ ಒಂದ ನೋಡಿಲ್ಲ ನೋಡ್ರಿ” ಎಂದು ನಕ್ಕರು. ನನ್ನ ಹೆಂಡತಿ ನಗಲಿಲ್ಲ. ಆ ವಾರವೇ ಹಡಗಿನ ಮಾತು ತೆಗೆದಳು. ಹಾಸಿಗೆಯಲ್ಲಿ ಕೂತೇ ನೀರು ಕಾಣುವಂತೆ ಕಿಟಕಿಯಿರುವ ಕೋಣೆಯೇ ಆಗಬೇಕೆಂದಳು.

ಅಕ್ಕ ಓಣಿಗೆಲ್ಲ ಸುದ್ದಿ ಮುಟ್ಟಿಸಿದ್ದರು. ಬೇರೆಯವರ ಕೈಗೆ ಎಮ್ಮೆ ಹಾಲು ಬಿಡುವುದಿಲ್ಲವಾದ್ದರಿಂದ, ಸೊಸೆಗೆ ತಮ್ಮ ಹಳೆಯ ಸೀರೆ ಉಡಿಸಿ ದಿನವೂ ಹಿಂಡಿಸಿ ರೂಢಿ ಮಾಡುತ್ತಿದ್ದರು. ಮೂರು ಎಮ್ಮೆಗಳು ಒಪ್ಪಿದ್ದವು, ನಾಲ್ಕನೆಯದು ಒದೆಯುತ್ತಿತ್ತು.

ಕೊನೆಯ ದಿನಕ್ಕೆ ಇನ್ನು ಎಂಟು ದಿನವಿದೆ ಎನ್ನುವಾಗ, ಒಂದು ಬೆಳಗ್ಗೆ ದರ ಇಳಿದಿತ್ತು. ಒಂದಿಷ್ಟಲ್ಲ, ಕಣ್ಣಿಗೆ ಹೊಡೆಯುವಷ್ಟು. ಪುಟವನ್ನು ಮುಚ್ಚಿ ತೆರೆದೆ. ಹೊರಡುವ ದಿನ, ಕೋಣೆಯ ಬಗೆ, ಜನರ ಸಂಖ್ಯೆ ಮತ್ತೆ ತುಂಬಿ ನೋಡಿದೆ. ಇಳಿದದ್ದು ನಿಜ. ಅದರ ಕೆಳಗೆ ಕೆಂಪು ಅಕ್ಷರದಲ್ಲಿ, ಈ ಬಗೆಯ ಕೋಣೆ ಇನ್ನೊಂದೇ ಉಳಿದಿದೆ ಎಂದೂ ಇತ್ತು.

ಒಡತಿಗೆ ಫೋನ್ ಮಾಡಿದೆ.

“ಇಳದೈತ್ರಿ, ನಾನೂ ನೋಡೇನಿ. ಆದ್ರ ಈ ಆಫರಿಗೆ ಹಳೇ ಬುಕಿಂಗ್ ರದ್ದ ಮಾಡಿ ಹೊಸಾದ ಮಾಡಬೇಕಂತ್ರಿ. ನೀವು ಮೂರೂ ಮಂದಿ ಆಧಾರ್ ಫೋಟೋ ಕಳಸ್ರಿ.”

“ರದ್ದು ಮಾಡಿದ ಮ್ಯಾಲ ಹೊಸಾದ ಸಿಗಲಿಲ್ಲಂದ್ರ?”

“ಅದ್ಕ ನಾ ಏನ್ ಹೇಳ್ಲಿರಿ? ರದ್ದಾದ ರೂಮ್ ಮತ್ತ ಮಾರಾಕ ಬರೂದು ಎರಡ ದಿನಾ ಆದ ಮ್ಯಾಲ.”

ಉಳಿತಾಯದ ಆಸೆಗೆ ಇದ್ದ ಕೋಣೆಯನ್ನೂ ಕಳೆದುಕೊಳ್ಳುವುದೇ? ಬೇಡವೆಂದೇ ನಿರ್ಧರಿಸಿದೆ. ಆದರೂ ಹೆಂಡತಿ ಫೋನಿನಲ್ಲಿ ಹೇಳಿದ್ದರಿಂದ ಅಕ್ಕನ ಮಗ ಅಷ್ಟರಲ್ಲಿ ಅವರ ಕಾರ್ಡಿನ ಫೋಟೋ ಕಳಿಸಿಬಿಟ್ಟಿದ್ದ. ಬಂದ ಕಾಗದವನ್ನು ತಾಳೆ ನೋಡದೆ ಬಿಡುವುದು ನನ್ನಿಂದಾಗದು. ಮೂರೂ ಕಾರ್ಡುಗಳನ್ನು ಹಳೆಯ ಬುಕಿಂಗ್ ಪತ್ರದ ಪಕ್ಕದಲ್ಲಿಟ್ಟು ಓದತೊಡಗಿದೆ. ನನ್ನದು ಸರಿಯಿತ್ತು. ಹೆಂಡತಿಯದು ಸರಿಯಿತ್ತು. ಅಕ್ಕನವರ ಕಾರ್ಡಿನಲ್ಲಿ ಹುಟ್ಟಿದ ದಿನ ಜೂನ್ ಒಂದು ಎಂದಿತ್ತು. ಬುಕಿಂಗ್ ಪತ್ರದಲ್ಲಿ ಆಗಸ್ಟ್ ತಿಂಗಳ ಬೇರೊಂದು ತಾರೀಖು ಇತ್ತು. ಬರೆದವನು ನಾನೇ.

ತಪ್ಪು ಹೇಗಾಯಿತೆಂದು ಯೋಚಿಸಬೇಕಾಗಿರಲಿಲ್ಲ. ನನ್ನ ಮಾವನವರು ರಾಯಬಾಗ ಸೀಮೆಯ ರೈತರು. ಮಕ್ಕಳು ಹುಟ್ಟಿದ ತಿಥಿಗಳನ್ನು ಪಂಚಾಂಗದ ಅಂಚಿನಲ್ಲಿ ಬರೆದಿಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ಆ ಹಾಳೆಗಳನ್ನು ಬಿಡಿಸಿ, ಅಕ್ಕ ಹುಟ್ಟಿದ್ದು ನಾಗರಪಂಚಮಿಯ ಮರುದಿನವೆಂದೂ ಅದಕ್ಕೆ ಸರಿಹೊಂದುವ ಇಂಗ್ಲಿಷ್ ತಾರೀಖು ಇಂಥದೆಂದೂ ಸಾಧಿಸಿದ್ದೆ. ವಾರವೂ ಕೂಡಿಬಂದಿತ್ತು. ಆಮೇಲೆ ನಾನು ಆ ಬಗ್ಗೆ ಸಂಶಯಪಟ್ಟಿರಲಿಲ್ಲ. ನಿಪ್ಪಾಣಿಯಲ್ಲಿ ಅರ್ಜಿ ತುಂಬುವಾಗ ಕಾರ್ಡಿನ ಸಂಖ್ಯೆಯನ್ನಷ್ಟೇ ಫೋನಿನಲ್ಲಿ ಕೇಳಿ ಬರೆದುಕೊಂಡು, ತಾರೀಖನ್ನು ನೆನಪಿನಿಂದ ತುಂಬಿದ್ದೆ. ಸತ್ಯವಾದ ತಾರೀಖು. ಅದೇ ಸತ್ಯ ಈಗ ಅಕ್ಕನನ್ನು ಬಂದರಿನ ಬಾಗಿಲಿನಿಂದ ಹಿಂದಕ್ಕೆ ಕಳಿಸಬಹುದಾಗಿತ್ತು. ದ್ವೀಪಗಳಲ್ಲಿ ಇಳಿಯಲು ಪರವಾನಗಿ ಬೇಕು. ಅದು ಈ ಪತ್ರದ ಆಧಾರದ ಮೇಲೆಯೇ ಆಗುತ್ತದೆ.

ಅಕ್ಕನವರಿಗೆ ಫೋನ್ ಮಾಡಿ ಹೇಳಿದೆ. ಅವರು ಜೋರಾಗಿ ನಕ್ಕರು.

“ಅಲ್ರಿ ಸಾಹೇಬ್ರ, ಸಾಲಿಗೆ ಹಚ್ಚೂ ಮುಂದ ಮಾಸ್ತರ ಬರದದ್ದು ಜೂನ್ ಒಂದು. ನಮ್ಮ ಕಡೆ ಅರ್ಧಾ ಊರ ಜೂನ್ ಒಂದಕ್ಕ ಹುಟ್ಟೇತಿ. ಎಲ್ಲಾರ್ನೂ ಆ ಮಾಸ್ತರನ ಹಡದಾನ!”

“ನಗಬ್ಯಾಡ್ರಿ ಅಕ್ಕಾರ. ಗೇಟಿನ್ಯಾಗ ತಡದ್ರ?”

“ತಡದ್ರ ನೀವಿಬ್ರೂ ಹೋಗಿ ಬರ್ರಿ. ನಾ ದಂಡಿ ಮ್ಯಾಲ ಕುಂದರತೀನಿ.” ಆಮೇಲೆ, “ತಡೀತಾರೇನ್ರಿ ಖರೇನ?” ಎಂದರು. ಆ ದನಿಯಲ್ಲಿ ನಗು ಇರಲಿಲ್ಲ.

ಮುಂದಿನ ಬಸ್ಸಿಗೇ ನಿಪ್ಪಾಣಿಗೆ ಹೊರಟೆ. ದಾರಿಯುದ್ದಕ್ಕೂ ಫೋನಿನಲ್ಲಿ ಅದೇ ಪುಟ ತೆರೆದು, ಆ ಒಂದು ಕೋಣೆ ಉಳಿದಿದೆಯೋ ಎಂದು ನೋಡಿದೆ. ಘಟ್ಟದ ತಿರುವಿನಲ್ಲಿ ಸಿಗ್ನಲ್ ಹೋಯಿತು. ಅದು ಮರಳಿ ಬರುವವರೆಗೆ ಫೋನನ್ನು ಬಸ್ಸಿನ ಕಿಟಕಿಗೆ ಹಿಡಿದೇ ಕೂತೆ.

ಒಡತಿ ನನ್ನ ಮಾತು ಕೇಳಿ ತಲೆಗೆ ಕೈ ಹಚ್ಚಿದರು. ತಾರೀಖು ತಿದ್ದಲು ಕಂಪನಿಗೆ ಅರ್ಜಿ ಕೊಡಬಹುದು, ಅವರು ಯಾವಾಗ ತಿದ್ದುತ್ತಾರೋ ಗೊತ್ತಿಲ್ಲ. ಪರವಾನಗಿಗೆ ಹೆಸರುಗಳು ಹೋಗುವುದರೊಳಗೆ ಆಗದಿದ್ದರೆ ಅಕ್ಕ ಉಳಿದಂತೆಯೇ. ಖಚಿತವಾದ ದಾರಿ ಒಂದೇ: ರದ್ದು ಮಾಡಿ ಹೊಸದಾಗಿ ಮಾಡುವುದು. ಬೆಳಗ್ಗೆ ಬೇಡವೆಂದು ಬಿಟ್ಟದ್ದನ್ನೇ ಈಗ ಮಾಡಬೇಕಾಗಿತ್ತು.

“ಮಾಡ್ಲಿರಿ?” ಎಂದರು.

ತಲೆಯಾಡಿಸಿದೆ. ಅವರು ಗುಂಡಿ ಒತ್ತಿದರು. ಈಗ ನಮಗೆ ಹಡಗಿನಲ್ಲಿ ಎಲ್ಲಿಯೂ ಜಾಗವಿರಲಿಲ್ಲ.

ಹೊಸ ಅರ್ಜಿ ತೆರೆದುಕೊಂಡಿತು. ಅಕ್ಕನವರ ವಿವರಗಳನ್ನು ನಾನೇ ತುಂಬುತ್ತೇನೆಂದು ಕೀಲಿಮಣೆಯನ್ನು ನನ್ನೆಡೆಗೆ ಎಳೆದುಕೊಂಡೆ. ಜೂನ್ ಒಂದು ಎಂದು ಒತ್ತಿದೆ. ಸುಳ್ಳು ತಾರೀಖನ್ನು ತಿಳಿದೂ ತಿಳಿದೂ ಬರೆದದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಆಮೇಲೆ ಕಾರ್ಡಿನೊಡನೆ ತಾಳೆ ನೋಡಿದೆ. ಮತ್ತೆ ನೋಡಿದೆ. ವರ್ಷವನ್ನು ಬೆರಳಿಟ್ಟು ಓದಿದೆ.

“ಸಾಹೇಬ್ರ, ಎಷ್ಟ ಸಲ ನೋಡಾಕತ್ತೀರಿ? ಮ್ಯಾಲ ಮಿನಿಟ್ ಓಡಾಕತ್ತಾವ. ಅಲ್ಲಿ ಪುಣೇದವ್ರು ಯಾರರ ಒತ್ತಿದ್ರ ರೂಮ್ ಹೋತು!”

“ಇನ್ನೊಂದ ಸಲ...”

“ಬ್ಯಾಡ್ರಿ! ಕೈ ತಗೀರಿ.”

ಕೈ ತೆಗೆದೆ. ಪರದೆಯ ಮೇಲೆ ಸಣ್ಣ ಚಕ್ರವೊಂದು ತಿರುಗಿತು. ಅದು ನಿಂತೇ ಬಿಟ್ಟಂತೆ ಕಂಡಿತು. ಮತ್ತೆ ತಿರುಗಿತು. ಮಂಗಸೂಳಿಯ ಗೋದಲಿಯ ಮುಂದೆ ಹಳೆಯ ಸೀರೆಯುಟ್ಟು ಕೂತ ಸೊಸೆ ಕಣ್ಮುಂದೆ ಬಂದಳು. ಇದು ತಪ್ಪಿದರೆ ಆ ಓಣಿಗೆ ನಾನು ಹೇಗೆ ಕಾಲಿಡಲಿ? ಕೊನೆಗೆ ಹಸಿರು ಗುರುತು ಬಂತು. ಕಿಟಕಿಯ ಕೋಣೆಯೇ ಸಿಕ್ಕಿತ್ತು. ದರ ಎಷ್ಟು ಇಳಿದಿತ್ತೆಂದು ಒಡತಿ ಹೇಳುತ್ತಿದ್ದರು. ನಾನು ನೀರು ಕೇಳಿದೆ.

ಭಯ ಅಲ್ಲಿಗೆ ಹೋಗಲಿಲ್ಲ. ಪರವಾನಗಿ ಬಂದ ಮೇಲೂ, ಕುಡಚಿಯಲ್ಲಿ ರೈಲು ಹತ್ತಿದ ಮೇಲೂ ಕೈಚೀಲದ ಕಾಗದಗಳನ್ನು ತೆಗೆದು ನೋಡುತ್ತಲೇ ಇದ್ದೆ. ಅಕ್ಕನವರಿಗೆ ಏನು ಹೇಳಬೇಕೆಂದು ಪಾಠ ಮಾಡಿಸಿದೆ. ಅವರು ಮೊದಲೆರಡು ಸಲ ಒಪ್ಪಿಸಿದರು, ಮೂರನೆಯ ಸಲ ಕಿಟಕಿಯ ಕಡೆ ತಿರುಗಿ ನಿದ್ದೆ ಹೋದರು.

ಬಂದರಿನ ತಪಾಸಣೆಯಲ್ಲಿ ಸಮವಸ್ತ್ರದ ಅಧಿಕಾರಿಯೊಬ್ಬರು ಅಕ್ಕನವರ ಕಾರ್ಡನ್ನು ಹಿಡಿದು, ಪಟ್ಟಿಯ ಮೇಲೆ ಬೆರಳು ಓಡಿಸಿದರು. ಬೆರಳು ನಿಂತಿತು. ಮರಾಠಿಯಲ್ಲಿ, ಹುಟ್ಟಿದ ತಾರೀಖು ಎಂದು ಕೇಳಿದರು. ಅಕ್ಕ ತಲೆ ಹೊರಳಿಸಿ ನನ್ನನ್ನು ಹುಡುಕಿದರು. ಎರಡು ಹೆಜ್ಜೆ ಹಿಂದಿದ್ದ ನನ್ನ ಮುಖ ಅವರಿಗೆ ಕಾಣಲಿಲ್ಲವೆಂದು ತೋರುತ್ತದೆ. ನಾಗರಪಂಚಮಿ ಎಂದುಬಿಟ್ಟರೆ ಏನು ಗತಿಯೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ.

“ಏಕ್ ಜೂನ್” ಎಂದರು ಅಕ್ಕ, ಹೊಲದ ಆಚೆಗಿದ್ದವರಿಗೆ ಕೇಳುವಂತೆ.

ಅಧಿಕಾರಿ ಮುದ್ರೆ ಒತ್ತಿದರು. ಹೆಂಡತಿಯೂ ದಾಟಿದಳು. ನನ್ನ ಸರದಿ ಬಂದಾಗ ನನ್ನದೇ ಕಾರ್ಡು ಸಿಗದೆ ಚೀಲವನ್ನೆಲ್ಲ ಮೇಜಿನ ಮೇಲೆ ಸುರಿಯಬೇಕಾಯಿತು.

ಆಚೆ ಬಂದಾಗ ಅಕ್ಕ ತಂಗಿಯ ತೋಳು ಹಿಡಿದು, ಕಣ್ಣು ಕಿರಿದು ಮಾಡಿ ನಿಂತಿದ್ದರು.

“ಸಾಹೇಬ್ರ, ಹಡಗ ಎಲ್ಲೈತ್ರಿ? ನನಗ ಎದುರಿಗೆ ಬಿಳೀ ಗ್ವಾಡಿ ಅಷ್ಟ ಕಾಣತೈತಿ.”

“ಆ ಗ್ವಾಡೀನ ಹಡಗರಿ ಅಕ್ಕಾರ” ಎಂದೆ.

ಅವರು ಕತ್ತೆತ್ತಿ, ಅದರ ತುದಿ ಎಲ್ಲಿ ಮುಗಿಯುತ್ತದೆಂದು ಬಹಳ ಹೊತ್ತು ಹುಡುಕಿದರು.